ಬೋರಯ್ಯನ ಬಸಿರು

ಔಷಧಿ ಕೊಡುವ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್?" ಎಂದು ಕೇಳುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಯಾಕಾದರೂ ಕೇಳಿದೆವೋ ಎಂಬಂತೆ ಗಡಿಯಾರ ನೋಡಿಕೊಳ್ಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವಾಗ ಬೇಜಾರಾದರೆ ಪುಟ ಮಡಚಿಟ್ಟು ಎದ್ದು ಹೋಗಬಹುದು, ನನಗೆ ಗೊತ್ತಾಗುವುದಿಲ್ಲ.

ನಾನು ಕಾಂಪೌಂಡರ್ ಆಗಿದ್ದವನು. ಡಾಕ್ಟರು ಚೀಟಿ ಬರೆದರೆ ಔಷಧಿ ಬೆರೆಸಿ ಸೀಸೆಗೆ ತುಂಬಿ ಕೊಡುವವನು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಕಾರ್ಖಾನೆ ಕೆಲಸಗಾರರಿಗೆಂದು ಸರ್ಕಾರದ ಆರೋಗ್ಯ ವಿಮೆ ಬಂದಿತ್ತು. ಸಂಬಳದಲ್ಲಿ ಒಂದಿಷ್ಟು ಮುರಿದುಕೊಳ್ಳುವುದು, ಕಾಯಿಲೆ ಬಿದ್ದರೆ ಪುಕ್ಕಟೆ ಔಷಧಿ, ಜೊತೆಗೆ ರಜೆಗೆ ಸರ್ಟಿಫಿಕೇಟು. ಅದಕ್ಕಾಗಿ ಮೈಸೂರಿನಲ್ಲಿ ನಂಜನಗೂಡು ರಸ್ತೆಯ ಕಡೆ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದು ಔಷಧಾಲಯ ತೆರೆದರು. ಕೆಲಸಗಾರರ ಬಾಯಲ್ಲಿ ಅದು 'ವಿಮೆ ಆಸ್ಪತ್ರೆ' ಆಯಿತು.

ಹೆಸರು ಆಸ್ಪತ್ರೆಯಾದರೂ ಮನೆ ಮನೆಯಾಗಿಯೇ ಉಳಿದಿತ್ತು. ನಡುಮನೆಯಲ್ಲಿ ಡಾಕ್ಟರು, ಅಡುಗೆಮನೆಯಲ್ಲಿ ನಾನು. ಒಲೆಯ ಕಟ್ಟೆಯ ಮೇಲೆ ನನ್ನ ಮೂರು ದೊಡ್ಡ ಜಾಡಿ: ಹೊಟ್ಟೆಗೆ ಗುಲಾಬಿ ಬಣ್ಣದ್ದು, ಕೆಮ್ಮಿಗೆ ಕಂದು ಬಣ್ಣದ್ದು, ಜ್ವರಕ್ಕೆ ಬೆಳ್ಳಗಿನದು. ಇಂಜೆಕ್ಷನ್ ಕೊಡುತ್ತಿದ್ದುದು ದೇವರಮನೆಯಲ್ಲಿ. ಗೂಡಿನ ಸುತ್ತ ಹಳೆಯ ಕುಂಕುಮದ ಗುರುತು ಹಾಗೇ ಇತ್ತು. ಹತ್ತಿರದ ಬಟ್ಟೆ ಗಿರಣಿಯ ಗಟ್ಟಿ ಆಳುಗಳು ಚಪ್ಪಲಿ ಹೊರಗೆ ಬಿಟ್ಟು, ಗೂಡಿಗೆ ಕೈಮುಗಿದು, ಕಣ್ಣು ಮುಚ್ಚಿ ತೋಳು ಚಾಚುತ್ತಿದ್ದರು. ಸೂಜಿ ಚುಚ್ಚಿ ಆದಮೇಲೂ ಕಣ್ಣು ಬಿಡದೆ ನಿಂತವನೊಬ್ಬ, "ತೀರ್ಥ ಕೊಡಾಕಿಲ್ವಾ?" ಎಂದು ಕೇಳಿದ್ದ. ನಾನು ಒಳಗಿಂದ ಒಂದು ಔನ್ಸ್ ಗುಲಾಬಿ ಮಿಕ್ಸ್ಚರ್ ತಂದು ಅವನ ಅಂಗೈಗೆ ಹಾಕಿದೆ. ಅವನು ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡು ಹೋದ.

ಔಷಧಿ ನಮ್ಮದು, ಸೀಸೆ ಅವರದು. ಅದು ಆಗಿನ ಪದ್ಧತಿ. ಎಂಥೆಂಥ ಸೀಸೆ ತರುತ್ತಿದ್ದರು! ತಲೆಗೆಣ್ಣೆಯದು, ಶಾಯಿಯದು, ಬ್ರಾಂದಿಯದು. ಬ್ರಾಂದಿ ಸೀಸೆಯ ಕೆಮ್ಮಿನ ಔಷಧಿಗೆ ಗುಣ ಹೆಚ್ಚು ಎಂಬ ಸುದ್ದಿ ಗಿರಣಿಯಲ್ಲೆಲ್ಲ ಹಬ್ಬಿ, ಒಂದು ವಾರ ನಮ್ಮ ಸಾಲು ನೋಡಿದವರು ಹೆಂಡದಂಗಡಿ ಎಂದುಕೊಂಡಿದ್ದರೆ ತಪ್ಪಿರಲಿಲ್ಲ.

ಒಂದೊಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತಿಳಿಯಲು ಸೀಸೆಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಉದ್ದನೆಯ ಕಾಗದವನ್ನು ಆರು ಮಡಿಕೆ ಮಾಡಿ, ಎರಡು ಕಡೆ ಕತ್ತರಿ ಹಾಕಿ ಬಿಡಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೈದಾ ಅಂಟು ಬಳಿದು ಅಂಟಿಸಿದರೆ ಮುಗಿಯಿತು, ಒಂದು ಮೆಟ್ಟಿಲು ಒಂದು ಡೋಸು. ಒಂದು ನಿಮಿಷಕ್ಕೆ ನಾಲ್ಕು ಪಟ್ಟಿ ಕತ್ತರಿಸುತ್ತಿದ್ದೆ ಎಂದು ಈಗಲೂ ಜಂಬ ನನಗೆ. ಆ ಜಂಬವನ್ನು ಇಳಿಸಿದವನು ಸಿದ್ದಪ್ಪ ಎಂಬ ನೂಲು ಸುತ್ತುವವನು. ಮೂರು ದಿನದ ನಂತರ ತುಂಬಿದ ಸೀಸೆಯೊಂದಿಗೆ ವಾಪಸು ಬಂದ. ಔಷಧಿ ಹಾಗೇ ಇದೆ, ಪಟ್ಟಿ ಮಾತ್ರ ಇಲ್ಲ.

"ದಿನಕ್ಕೆ ಮೂರು ಮೆಟ್ಲು ಅಂದ್ರಲ್ಲ ಸ್ವಾಮಿ. ಎಲ್ಡು ದಿನಕ್ಕೆ ಆರೂ ತಿಂದ್ಬುಟ್ಟೆ. ನೀರು ಯಾತಕ್ಕೆ ಅಂತ ಕೇಳಾನ ಅಂತ ಬಂದೆ" ಎಂದ.

"ಹೊಟ್ಟೆನೋವು ಹೇಗಿದೆಯಪ್ಪ?"

"ವಾಸಿ ಆಗೈತೆ."

ಅಂದಿನಿಂದ ಪ್ರತಿಯೊಬ್ಬರಿಗೂ ಕುಡಿದು ತೋರಿಸುವ ಅಭಿನಯ ಮಾಡಿಯೇ ಸೀಸೆ ಕೊಡುತ್ತಿದ್ದೆ. ತಿಳಿದಿದೆ ಎಂದುಕೊಂಡು ಹೇಳದೆ ಬಿಟ್ಟದ್ದೇ ನಮ್ಮ ಕೆಲಸದಲ್ಲಿ ಅನಾಹುತ ತರುತ್ತದೆ. ಹಾಗೆ ಹೇಳದೆ ಬಿಟ್ಟು ನಾನೇ ಹೇಗೆ ಬೆವರು ಇಳಿಸಿಕೊಂಡೆ ಎಂಬುದು ಮುಂದೆ ಬರುತ್ತದೆ.

ನಮ್ಮ ಡಾಕ್ಟರು ಶ್ರೀಕಂಠರಾಯರು. ತಂದೆ ಅರಮನೆಯ ಚಾಕರಿಯಲ್ಲಿದ್ದವರು, ಆ ಠೀವಿ ಮಗನ ಮುಚ್ಚುಕೋಟಿನಲ್ಲಿ ಇಳಿದು ಬಂದಿತ್ತು. ಕಾಗದಪತ್ರದಲ್ಲಿ ಒಂದು ಸುಳ್ಳಕ್ಷರ ಬರೆಯುವವರಲ್ಲ. ಗದರಿದರೆ ಒಲೆಕಟ್ಟೆಯ ಮೇಲಿನ ನನ್ನ ಜಾಡಿಗಳು ಅದುರುತ್ತಿದ್ದವು. ನಾನು ಅವರಿಗೆ ಹೆದರುತ್ತಿದ್ದೆ, ಅವರನ್ನು ತುಂಬ ಪ್ರೀತಿಸುತ್ತಲೂ ಇದ್ದೆ. ಎರಡನ್ನೂ ಅವರಿಗೆ ಗೊತ್ತಾಗದಂತೆ ನೋಡಿಕೊಂಡೆ.

ಆಗಿನ ವಿಮೆಯಲ್ಲಿ ಒಂದು ತೊಡಕಿತ್ತು. ಔಷಧಿ ಸಿಗುತ್ತಿದ್ದುದು ಕೆಲಸಗಾರನಿಗೆ ಮಾತ್ರ. ಹೆಂಡತಿ ಮಕ್ಕಳಿಗೆ ಇಲ್ಲ. ಅವರನ್ನೂ ಸೇರಿಸುತ್ತಾರಂತೆ ಎಂಬ ಸುದ್ದಿ ಯುಗಾದಿಗೊಮ್ಮೆ ದಸರೆಗೊಮ್ಮೆ ಬಂದು ಹೋಗುತ್ತಿತ್ತು. ಅಲ್ಲಿಯತನಕ ಜನ ಕಾಯುತ್ತಾರೆಯೇ? ಮಗುವಿಗೆ ಜ್ವರ ಬಂದರೆ ಅಪ್ಪ ಬಂದು ತನಗೆ ಜ್ವರ ಎನ್ನುತ್ತಿದ್ದ. ಕಂಬದಂಥ ಆಳು ರಾಯರ ಮುಂದೆ ನಿಂತು, "ಹಲ್ಲು ಹುಟ್ತಾ ಅದೆ ಸ್ವಾಮಿ, ಅದ್ಕೇ ಭೇದಿ" ಎನ್ನುತ್ತಿದ್ದ.

ರಾಯರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಕಾಯಿಲೆ ಯಾರದು ಎಂದು ಅವರು ಎಂದೂ ಕೇಳಲಿಲ್ಲ.

"ಈ ಕೆಮ್ಮಿಗೆ ವಯಸ್ಸೆಷ್ಟು?" ಎನ್ನುತ್ತಿದ್ದರು.

"ಐದು ವರ್ಷ ಸ್ವಾಮಿ. ಮೊನ್ನೆ ಸ್ಕೂಲಿಗೆ ಸೇರ್ಸ್ದೊ."

"ತೂಕ?"

"ಒಂದು ಹದಿನೈದು ಸೇರು ರಾಗಿಯಷ್ಟು ಇರ್ಬೋದು."

ಅದರಂತೆ ಡೋಸು ಬರೆಯುತ್ತಿದ್ದರು. ಕೆಲಸಗಾರನ ವಿಮೆ ಕಾರ್ಡಿನಲ್ಲಿ ಮಾತ್ರ 'ರೋಗಿ ಹೇಳುವಂತೆ' ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ, ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದರು. ರೋಗಿ ಹಾಗೆ ಹೇಳಿದ್ದು ನಿಜ ತಾನೆ, ಹಾಗಾಗಿ ಸುಳ್ಳಕ್ಷರವಿಲ್ಲ! ಚೀಟಿ ನನ್ನ ಕೈಗೆ ಬಂದಾಗ ಡೋಸು ನೋಡಿ ನಾನು ಪಟ್ಟಿಯ ಮೆಟ್ಟಿಲನ್ನು ಸಣ್ಣದಾಗಿ ಕತ್ತರಿಸುತ್ತಿದ್ದೆ. ನಾವಿಬ್ಬರೂ ಈ ವಿಷಯವಾಗಿ ಒಂದು ದಿನವೂ ಮಾತಾಡಿದ್ದಿಲ್ಲ.

ಹೀಗೆ ನಗುನಗುತ್ತ ನಡೆದಿದ್ದಾಗ ಬೋರಯ್ಯ ಬಂದ.

ಬೋರಯ್ಯ ಕಡಕೊಳದವನು. ದಿನಾ ಸೈಕಲ್ ತುಳಿದುಕೊಂಡು ಗಿರಣಿಗೆ ಬರುತ್ತಿದ್ದ. ಆರಡಿ ಎತ್ತರ, ಕಿವಿಯತನಕ ತಿರುವಿದ ಮೀಸೆ. ರಾಯರ ಮುಂದೆ ಸ್ಟೂಲಿನ ಮೇಲೆ ಕುಳಿತು, ನೆಲ ನೋಡುತ್ತ ಹೇಳಿದ:

"ಬೆಳಿಗ್ಗೆ ಎದ್ದೇಟ್ಗೆ ವಾಕರಿಕೆ ಸ್ವಾಮಿ. ಒಗ್ಗರಣೆ ವಾಸನೆ ಕಂಡ್ರೆ ಆಗಾಕಿಲ್ಲ. ಹುಣಿಸೆಕಾಯಿ ತಿನ್ಬೇಕು ಅನ್ಸ್ತದೆ. ಗೋಡೆ ಮಣ್ಣು ಕಂಡ್ರೂ ಬಾಯಲ್ಲಿ ನೀರು ಬತ್ತದೆ."

ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಒಬ್ಬ, "ಸೀಮಂತ ಯಾವಾಗ್ಲಾ ಬೋರ?" ಎಂದು ಕೂಗಿದ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಬಾಯಿಗೆ ಟವೆಲ್ ಅದುಮಿಕೊಂಡಿದ್ದೆ. ರಾಯರ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

"ಎಷ್ಟು ತಿಂಗಳಿಂದ?"

"ಮೂರು ಸ್ವಾಮಿ. ಹಿಂದೆ ಎಲ್ಡು ಸಲ ಹಿಂಗೇ ಆಗಿತ್ತು." ಬೋರಯ್ಯನ ಧ್ವನಿ ಇಳಿಯಿತು. "ಎಲ್ಡು ಸಲಾನೂ ಕೈಗೆ ಹತ್ಲಿಲ್ಲ. ಈ ಸಲಾನಾರ ಉಳೀಬೇಕು."

ನಗು ನಿಂತುಹೋಯಿತು. ಸೀಮಂತ ಎಂದು ಕೂಗಿದವನು ಸಾಲು ಬಿಟ್ಟು ಹೊರಗೆ ಹೋಗಿ ಬೀಡಿ ಹಚ್ಚಿದ.

ರಾಯರು ಮೆಲ್ಲಗೆ, "ಹೆರಿಗೆ ಆಸ್ಪತ್ರೆಗೆ ತೋರಿಸಬಾರದೇನಯ್ಯ? ಅಲ್ಲಿ ವಿಮೆ ಗಿಮೆ ಏನೂ ಕೇಳುವುದಿಲ್ಲ" ಎಂದರು.

"ನಮ್ಮವ್ವ ಬುಡಾಕಿಲ್ಲ ಸ್ವಾಮಿ. ಆಸ್ಪತ್ರೆಗೆ ಹೋದೋರ್ನ ಕುಯ್ದು ನೋಡ್ತಾರೆ ಅಂತಾಳೆ. ಅವಳಿಗೆ ಹೇಳೋರು ಯಾರೂ ಇಲ್ಲ."

ರಾಯರು ಅವನ ಕಾರ್ಡನ್ನು ಮುಂದೆ ಎಳೆದುಕೊಂಡರು. ಆಮೇಲೆ ಕಾರ್ಡಿನಲ್ಲಿ ಬರೆಯತೊಡಗಿದರು: 'ಬೋರಯ್ಯ, ಗಂಡು, ವಯಸ್ಸು ಮೂವತ್ತೆರಡು. ರೋಗಿ ಹೇಳುವಂತೆ, ಬೆಳಗಿನ ವಾಕರಿಕೆ, ಮಣ್ಣು ತಿನ್ನುವ ಆಸೆ.' ಕಬ್ಬಿಣದ ಮಾತ್ರೆ ಬರೆದರು. ತಿಂಗಳು ತಿಂಗಳೂ ಬೆಳಗಿನ ಮೂತ್ರ ಸೀಸೆಯಲ್ಲಿ ತರಬೇಕು, ಪಾದ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಆ ಕ್ಷಣ ಬರಬೇಕು ಎಂದು ಹೇಳಿದರು. ಹೇಳುವಾಗ ಒಂದೊಂದಕ್ಕೂ ಒಂದು ಬೆರಳು ಮಡಿಸಿ, ಬೋರಯ್ಯನ ಕೈಲೂ ಮಡಿಸಿಸಿದರು.

ಮೂತ್ರ ಪರೀಕ್ಷೆ ನನ್ನ ಪಾಲಿಗೆ ಬಂತು. ಗಾಜಿನ ನಳಿಗೆಯಲ್ಲಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಎರಡು ತೊಟ್ಟು ಆಸಿಡ್ ಬಿಡಬೇಕು. ತಿಳಿಯಾಗಿ ಉಳಿದರೆ ಕ್ಷೇಮ. ಬೆಳ್ಳಗೆ ಗಟ್ಟಿಯಾದರೆ ಅಲ್ಬುಮಿನ್ ಇದೆ ಎಂದರ್ಥ, ಬಸುರಿಗೆ ಅದು ಗಂಡಾಂತರ. ಪ್ರತಿ ತಿಂಗಳೂ ಬೋರಯ್ಯ ಸೈಕಲ್ ಹ್ಯಾಂಡಲಿಗೆ ಚೀಲ ಕಟ್ಟಿಕೊಂಡು, ಅದರೊಳಗೆ ಪನ್ನೀರಿನ ಸೀಸೆ ಇಟ್ಟುಕೊಂಡು, ಹಳ್ಳ ಬಂದಲ್ಲೆಲ್ಲ ಇಳಿದು ತಳ್ಳಿಕೊಂಡು ಬರುತ್ತಿದ್ದ. ನಾನು ನಳಿಗೆ ಕಾಯಿಸುವಾಗ ಒಲೆಕಟ್ಟೆಯ ಪಕ್ಕ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ತಿಳಿಯಾಗಿದೆ ಎಂದರೆ ಅಷ್ಟೆತ್ತರದ ಆಳು ಅಲ್ಲೇ ಎರಡು ಹೆಜ್ಜೆ ಕುಣಿದುಬಿಡುತ್ತಿದ್ದ. ನಾನೂ ಕುಣಿಯುತ್ತಿದ್ದೆ. ಒಮ್ಮೆ ರಾಯರು ಒಳಗೆ ಬಂದು ನಮ್ಮಿಬ್ಬರನ್ನೂ ನೋಡಿ, ಬಾಗಿಲು ಮುಚ್ಚಿಕೊಂಡು ಹೋದರು.

ಗಿರಣಿಯವರೂ ಈ ಬಸಿರನ್ನು ತಮ್ಮದು ಮಾಡಿಕೊಂಡಿದ್ದರು. ಬೋರಯ್ಯ ಭಾರ ಎತ್ತಲು ಹೋದರೆ, "ಬುಡೋ, ನೀನು ಎತ್ತಬಾರ್ದು ಈಗ" ಎಂದು ಪಕ್ಕಕ್ಕೆ ಸರಿಸುತ್ತಿದ್ದರಂತೆ. ಏಳನೇ ತಿಂಗಳಲ್ಲಿ ಯಾರೋ ಅವನ ಕೈಗೆ ಹಸಿರು ಬಳೆ ತೊಡಿಸಲು ನೋಡಿದರು. ಮಣಿಕಟ್ಟಿಗೆ ಹಿಡಿಸುವ ಬಳೆ ಮೈಸೂರಿನಲ್ಲೇ ಸಿಗಲಿಲ್ಲವಂತೆ.

ಎಂಟನೇ ತಿಂಗಳಿನಲ್ಲಿ ರಾಯರು ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕಿದರು. ಅವರ ಜಾಗಕ್ಕೆ ಮಾಧವ ಎಂಬ ಹೊಸ ಡಾಕ್ಟರು ಬಂದರು. ಆಗಷ್ಟೇ ಪಾಸು ಮಾಡಿದವರು, ಕೋಟಿನ ಮಡಿಕೆ ಇನ್ನೂ ಅಂಗಡಿಯ ಮಡಿಕೆಯೇ. ರೋಗಿ ಹೇಳಿದ್ದನ್ನೆಲ್ಲ ನಂಬುವ ಸಾಧು.

ಅವರು ಬಂದ ಎರಡನೆಯ ದಿನವೇ ಬೋರಯ್ಯ ಬೆಳಿಗ್ಗೆ ಸೈಕಲ್ ಬಾಗಿಲಲ್ಲೇ ಬಿಸಾಕಿ ಓಡೋಡಿ ಒಳಗೆ ಬಂದ. ಮೂರು ಬೆರಳು ಮಡಿಸಿ ನನ್ನ ಮುಂದೆ ಹಿಡಿದ.

"ಮೂರೂ ಬಂದವೆ ಕಾಂಪೌಂಡ್ರೆ. ಪಾದ ದಿಮ್ಮಗೆ ಊದವೆ, ತಲೆ ಸಿಡೀತದೆ, ಕಣ್ಣು ಮಂಜು ಮಂಜು."

ಅವನು ತಂದಿದ್ದ ಸೀಸೆಯಿಂದ ನಳಿಗೆಗೆ ಸುರಿದು ಕಾಯಿಸಿದೆ. ಆಸಿಡ್ ಬಿಡುವ ಮೊದಲೇ ಬೆಳ್ಳಗಾಗಿ ಮೊಸರಿನಂತೆ ಹೆಪ್ಪುಗಟ್ಟಿತು. 'ಬೋರಯ್ಯ, ಅಲ್ಬುಮಿನ್ ಬಹಳ ಹೆಚ್ಚು, ತುರ್ತು' ಎಂದು ಚೀಟಿ ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ. ಹೊರಗೆ ಬಾಡಿಗೆ ವ್ಯಾನಿನ ಕರೀಂ ಸಾಬಿ ಹಾರನ್ ಒತ್ತುತ್ತಿದ್ದ. ತಿಂಗಳ ಔಷಧಿಯನ್ನು ದೊಡ್ಡ ಉಗ್ರಾಣದಿಂದ ತರುವ ದಿನ ಅದು, ತಡವಾದರೆ ಬಾಗಿಲು ಹಾಕುತ್ತಿದ್ದರು. ಡಾಕ್ಟರು ನೋಡಿಕೊಳ್ಳುತ್ತಾರೆ ಎಂದು ವ್ಯಾನು ಹತ್ತಿದೆ. ಆ ಕುರ್ಚಿಯಲ್ಲಿ ಕುಳಿತಿದ್ದವರು ರಾಯರಲ್ಲ, ಈ ಬಸಿರು ಯಾರದೆಂದು ಅವರಿಗೆ ಯಾರೂ ಹೇಳಿಲ್ಲ ಎಂಬುದು ನನ್ನ ಮಂಕು ಬುದ್ಧಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ವಾಪಸು ಬಂದು, ಒಂದು ಪೆಟ್ಟಿಗೆ ಇಳಿಸುತ್ತ, "ಬೋರಯ್ಯನ ವಿಷಯ ಏನಾಯ್ತು ಸಾರ್?" ಎಂದೆ.

ಮಾಧವ ಡಾಕ್ಟರು ಹೆಮ್ಮೆಯಿಂದ ನೆಟ್ಟಗೆ ಕುಳಿತರು. "ಸರಿಯಾದ ಹೊತ್ತಿಗೆ ಹಿಡಿದೆ ನಾಗರಾಜಯ್ಯನವರೇ. ಮೂತ್ರಪಿಂಡದ ತೊಂದರೆ, ಭಾರಿಯಾಗಿದೆ. ದೊಡ್ಡಾಸ್ಪತ್ರೆಯಲ್ಲಿ ವಿಮಾ ರೋಗಿಗಳ ಹಾಸಿಗೆ ಒಂದು ಖಾಲಿಯಿತ್ತು. ಕೂಡಲೇ ಮಲಗಿಸಿದೆ."

"ಯಾರನ್ನ ಸಾರ್?"

"ಬೋರಯ್ಯನನ್ನ."

"ಯಾವ ಬೋರಯ್ಯ?"

"ಮೀಸೆ ಇರೋ ಬೋರಯ್ಯ. ಕಾಲು ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. ಆದರೆ ರಕ್ತದ ಒತ್ತಡ ಏರಿತ್ತು. ಅಷ್ಟು ಅಲ್ಬುಮಿನ್ ಇಟ್ಟುಕೊಂಡು ಸೈಕಲ್ ತುಳಿದುಕೊಂಡು ಬಂದಿದ್ದಾನಲ್ಲ, ಆಶ್ಚರ್ಯ! ಉಪ್ಪಿಲ್ಲದ ಊಟ ಬರೆದುಕೊಟ್ಟಿದ್ದೇನೆ."

ನನಗೆ ನಗು ಒತ್ತರಿಸಿ ಬಂತು. ಪೆಟ್ಟಿಗೆಯ ಮೇಲೇ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಉಪ್ಪಿಲ್ಲದ ಗಂಜಿಯ ಮುಂದೆ ಆ ಮೀಸೆ! ಮಾಧವ ಡಾಕ್ಟರಿಗೆ ನನಗೇನೋ ಬಡಿಯಿತು ಅನ್ನಿಸಿರಬೇಕು, ನೀರು ತಂದರು. ನೀರು ಬಾಯಿಗಿಟ್ಟಾಗ ಒಲೆಕಟ್ಟೆಯ ಮೇಲೆ ಬೆಳಗಿನ ನಳಿಗೆ ಕಂಡಿತು. ಅದು ಇನ್ನೂ ಬೆಳ್ಳಗೇ ಇತ್ತು. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಅವಳು ಕಡಕೊಳದಲ್ಲಿದ್ದಾಳೆ. ನನ್ನ ನಗು ಅಲ್ಲಿಗೇ ನಿಂತಿತು.

ಈಗ ಹೇಳಲೇಬೇಕು. ಹೇಳಿದರೆ ರಾಯರ ಗುಟ್ಟು ಬಯಲಾಗುತ್ತದೆ. ಈ ಹೊಸ ಡಾಕ್ಟರು ಮೇಲಧಿಕಾರಿಗಳಿಗೆ ಒಂದು ಸಾಲು ಬರೆದರೆ ರಾಯರ ಕೆಲಸ, ನನ್ನ ಕೆಲಸ, ಬೋರಯ್ಯನ ಕಾರ್ಡು ಮೂರೂ ಹೋದಂತೆ. ನನಗೆ ಆಗ ಮದುವೆಯಾಗಿ ಒಂದು ವರ್ಷ. ಅದೂ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಐದು ತಿಂಗಳು ಆ ಒಲೆಕಟ್ಟೆಯ ಪಕ್ಕದಲ್ಲಿ ಅವನ ಜೊತೆ ಕುಣಿದವನು ನಾನು. ಕೆಮ್ಮಿಗೆ ವಯಸ್ಸು ಕೇಳುವುದರಿಂದ ಹಿಡಿದು ಪನ್ನೀರಿನ ಸೀಸೆಯತನಕ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟೆ.

ಮಾಧವ ಡಾಕ್ಟರ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು. ಬೈಯುತ್ತಾರೆ ಎಂದು ಕಾದೆ.

"ಹಾಗಾದರೆ ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೆ?" ಎಂದರು. ಅಷ್ಟೇ ಕೇಳಿದ್ದು. ಆ ಒಂದು ಮಾತಿಗೆ ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಕರೀಂ ಸಾಬಿಯ ವ್ಯಾನು ಬಾಗಿಲಲ್ಲೇ ಇತ್ತು. ಉಳಿದ ಪೆಟ್ಟಿಗೆ ಇಳಿಸಲೂ ನಿಲ್ಲದೆ ಹತ್ತಿದೆವು. ಮೊದಲು ಆಸ್ಪತ್ರೆಗೆ. ಬೋರಯ್ಯ ಪಟ್ಟೆಪಟ್ಟೆಯ ಆಸ್ಪತ್ರೆ ಬಟ್ಟೆ ತೊಟ್ಟು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ಮಂಚ ಸಾಲದೆ ಪಾದಗಳು ಆಚೆ ಬಂದಿದ್ದವು. ನನ್ನನ್ನು ಕಂಡು ಎದ್ದು ಕುಳಿತ.

"ಬಾಯಿ ಬಿಟ್ಟು ಹೇಳೋದಲ್ಲವೇನೋ!" ಎಂದೆ.

"ಎಂಗೆ ಹೇಳ್ಲಿ ಕಾಂಪೌಂಡ್ರೆ? ಹೇಳಿದ್ರೆ ರಾಯ್ರಿಗೆ ತೊಂದ್ರೆ ಅಲ್ವಾ?" ಟವೆಲಿನ ತುದಿಯ ಗಂಟು ಬಿಚ್ಚಿ ತೋರಿಸಿದ. ಎರಡು ಮಾತ್ರೆ. "ನುಂಗ್ದಂಗೆ ಮಾಡಿ ಮಡಿಕ್ಕಂಡಿವ್ನಿ. ಇನ್ನೊಂದು ಕೊಟ್ಟೇಟ್ಗೆ ಮೂರೂ ತಗಂಡು ಹೊಂಟೋಗಾನ ಅಂತಿದ್ದೆ, ಅವಳಿಗೆ ಕೊಡಾಕೆ."

ಮಾಧವ ಡಾಕ್ಟರು ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಪಟ್ಟೆ ಬಟ್ಟೆಯಲ್ಲೇ ಅವನನ್ನು ಹತ್ತಿಸಿಕೊಂಡು ಹೊರಟೆವು. ಕರೀಂ ಸಾಬಿ ತನ್ನ ಆಯುಸ್ಸಿನಲ್ಲಿ ಅಷ್ಟು ಜೋರಾಗಿ ವ್ಯಾನು ಓಡಿಸಿರಲಿಲ್ಲ. ಹಿಂದೆ ಪೆಟ್ಟಿಗೆಗಳು ಗಡಗಡ ಎನ್ನುತ್ತಿವೆ, ಕೆಮ್ಮಿನ ಔಷಧಿಯ ಜಾಡಿಯೊಂದನ್ನು ನಾನು ತಬ್ಬಿಕೊಂಡಿದ್ದೇನೆ, ರಕ್ತದೊತ್ತಡದ ಪೆಟ್ಟಿಗೆಯನ್ನು ಡಾಕ್ಟರು ತಬ್ಬಿಕೊಂಡಿದ್ದಾರೆ, ಬೋರಯ್ಯ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ದಾರಿಯ ಎತ್ತಿನಗಾಡಿಗಳನ್ನೆಲ್ಲ ಬಯ್ಯುತ್ತಿದ್ದಾನೆ. ಹೆದರಿಕೆಯಲ್ಲೂ ನನಗೆ ನಗು. ತಡೆದಷ್ಟೂ ಬರುತ್ತಿತ್ತು.

ಕಡಕೊಳದಲ್ಲಿ ಅವನ ಹೆಂಡತಿ ಚಿಕ್ಕತಾಯಮ್ಮ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಐದು ತಿಂಗಳಿಂದ ಬಲ್ಲ ರೋಗಿಯನ್ನು ನಾನು ಅಂದೇ ಮೊದಲು ನೋಡಿದ್ದು. ಮುಖವೆಲ್ಲ ಊದಿಕೊಂಡಿತ್ತು. ಕಣ್ಣು ಕಿರಿದು ಮಾಡಿ, "ಯಾರು ಬಂದಿರದು? ಎಲ್ಡೆಲ್ಡು ಮೋಟ್ರು ಕಾಣ್ತವೆ" ಎಂದಳು. ವ್ಯಾನು ಒಂದೇ ಇತ್ತು. ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಮತ್ತೊಮ್ಮೆ ನೋಡಿದರು. "ಇವತ್ತೇ ಆಸ್ಪತ್ರೆಗೆ ಸೇರಬೇಕು. ತಡವಾದರೆ ತಾಯಿಯೂ ಇಲ್ಲ, ಮಗುವೂ ಇಲ್ಲ" ಎಂದರು.

ಅಷ್ಟರಲ್ಲಿ ಒಳಗಿಂದ ಬೋರಯ್ಯನ ತಾಯಿ ನಿಂಗಮ್ಮ ಬಂದಳು. ನಾಲ್ಕಡಿ ಎತ್ತರದ ಮುದುಕಿ, ಇಡೀ ಬೀದಿ ಹೆದರುವ ಗಂಟಲು. ಮಗನ ಪಟ್ಟೆ ಬಟ್ಟೆ ನೋಡಿ ಹೌಹಾರಿದಳು.

"ಏನ್ಲಾ ಇದು ಯೇಸ? ಜೈಲಿಗೆ ಹೋಗಿದ್ಯಾ?"

"ಆಸ್ಪತ್ರೆಗೆ ಸೇರಿದ್ದೆ ಕಣವ್ವ. ಬೆಳಿಗ್ಗಿಂದ ಅಲ್ಲೇ ಮಲಗಿದ್ದೆ."

ನಿಂಗಮ್ಮ ಬಾಯಿ ಮಾತಿಗೆ ಕಾಯಲಿಲ್ಲ. ಮಗನ ಅಂಗಿ ಎತ್ತಿ ಹೊಟ್ಟೆ ನೋಡಿದಳು. ತಿರುಗಿಸಿ ಬೆನ್ನು ನೋಡಿದಳು. ಕೈಬೆರಳು ಎಣಿಸಿದಳು. ಕಿವಿಯ ಹಿಂದೆ ನೋಡಿದಳು. ಇಡೀ ಬೀದಿ ಸೇರಿತ್ತು. ಆರಡಿ ಬೋರಯ್ಯ ಕೈ ಮೇಲೆತ್ತಿಕೊಂಡು ನಿಂತಿದ್ದ.

"ಎಲ್ಲೂ ಕುಯ್ದಿಲ್ವಲ್ಲಾ!" ಎಂದಳು, ಸ್ವಲ್ಪ ನಿರಾಸೆಯಿಂದಲೇ.

"ಯಾರೂ ಮುಟ್ಲಿಲ್ಲ ಕಣವ್ವ. ಬೆಳ್ಳಗಿರೋ ಹಾಸಿಗೆ ಕೊಟ್ರು. ಗಂಜಿ ಕೊಟ್ರು, ಉಪ್ಪು ಮಾತ್ರ ಹಾಕಿರ್ಲಿಲ್ಲ. ಸೇರ್ಸ್ಕೊಂಡ್ರು, ಬುಟ್ರು, ನೋಡು, ಇಂಗೇ ಬಂದಿವ್ನಿ." ಎತ್ತಿದ್ದ ಕೈ ಇಳಿಸಿ ಹೆಂಡತಿಯ ಕಡೆ ತೋರಿಸಿದ. "ನನ್ನ ಬದ್ಲಿಗೆ ಅವಳು ಇರ್ಬೇಕಾಗಿತ್ತು ಅವ್ವ ಅಲ್ಲಿ. ಈ ಸಲಾನೂ ಹೋದ್ರೆ ನಾನು ತಡ್ಯಾಕಿಲ್ಲ."

ನಿಂಗಮ್ಮ ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು, ಮಾಧವ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾನೂ ಬತ್ತೀನಿ. ಉಪ್ಪು ನಾನು ತತ್ತೀನಿ" ಎಂದಳು.

"ಉಪ್ಪು ಬೇಡಮ್ಮ!" ಎಂದು ನಾನೂ ಡಾಕ್ಟರೂ ಒಟ್ಟಿಗೆ ಕೂಗಿದೆವು.

ವಾಪಸು ಬರುವಾಗ ಕರೀಂ ಸಾಬಿ ಒಂದು ಹಳ್ಳಕ್ಕೂ ಚಕ್ರ ಇಳಿಸಲಿಲ್ಲ. ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಅಲ್ಲಿಯ ನರ್ಸಮ್ಮ ಆಸ್ಪತ್ರೆ ಬಟ್ಟೆಯ ಬೋರಯ್ಯನನ್ನೂ, ಬಸುರಿಯನ್ನೂ ನೋಡಿ, "ರೋಗಿ ಯಾರು?" ಎಂದರು. ಐದು ತಿಂಗಳಲ್ಲಿ ಮೊದಲನೇ ಸಲ ಬೋರಯ್ಯ ನಿಜ ಹೇಳಿದ. "ಇವಳು ಕಣ್ರಮ್ಮ, ನಾನಲ್ಲ" ಎಂದು ಹೆಂಡತಿಯನ್ನು ಮುಂದಕ್ಕೆ ನಿಲ್ಲಿಸಿದ.

ಆರನೆಯ ದಿನ ಹೆಣ್ಣುಮಗು ಹುಟ್ಟಿತು. ಇಷ್ಟೇ ಇಷ್ಟು, ಆದರೆ ಅಜ್ಜಿಯ ಗಂಟಲು. ತಾಯಿಯೂ ಉಳಿದಳು. ಬೋರಯ್ಯ ಔಷಧಾಲಯಕ್ಕೆ ಬಂದು ಹೇಳಿದಾಗ ನಾವಿಬ್ಬರೂ ಮತ್ತೆ ಒಲೆಕಟ್ಟೆಯ ಮುಂದೆ ಕುಣಿದೆವು. ಈ ಸಲ ಮಾಧವ ಡಾಕ್ಟರೂ ಸೇರಿಕೊಂಡರು. ಅವರಿಗೆ ಕುಣಿಯಲು ಬರುತ್ತಿರಲಿಲ್ಲ.

ರಾಯರು ರಜೆ ಮುಗಿಸಿ ಬಂದ ದಿನ ನಡೆದದ್ದನ್ನೆಲ್ಲ ನಿಂತುಕೊಂಡೇ ಒಪ್ಪಿಸಿದೆ. ಅವರು ಬೋರಯ್ಯನ ಕಾರ್ಡು ತೆಗೆದು ಮೊದಲಿನಿಂದ ಓದಿದರು.

"ನಿನ್ನ ತಪ್ಪು ನೀನು ಹೇಳಿದೆ. ನನ್ನದು ನಿನ್ನದಕ್ಕಿಂತ ದೊಡ್ಡದು ನಾಗರಾಜ. ಕಣ್ಣಿಂದ ನೋಡದ ರೋಗಿಗೆ ಔಷಧಿ ಬರೆದೆನಲ್ಲ" ಎಂದರು.

ಅಂದಿನಿಂದ ಪದ್ಧತಿ ಬದಲಾಯಿತು. ಕೆಮ್ಮಿಗೆ ವಯಸ್ಸು ಕೇಳುವುದು ತಪ್ಪಲಿಲ್ಲ, ಆದರೆ ಆ ಕೆಮ್ಮು ಹಿತ್ತಲಿನ ಸಂಪಿಗೆ ಮರದ ಕೆಳಗೆ ಬಂದು ಕುಳಿತಿರಬೇಕು. ರಾಯರು ಹನ್ನೊಂದು ಗಂಟೆಗೆ ಕಾಫಿ ಕುಡಿಯಲು ಹಿತ್ತಲಿಗೆ ಹೋಗುತ್ತಿದ್ದರು. ಕೊರಳಲ್ಲಿ ಸ್ಟೆತಾಸ್ಕೋಪು ಇರುತ್ತಿತ್ತು. ಕಾಫಿ ಒಂದು ಗಂಟೆ ಹಿಡಿಯುತ್ತಿತ್ತು. ರಜೆ ಮೇಲೆ ಹೋಗುವ ಮುನ್ನ, ಬದಲಿ ಡಾಕ್ಟರನ್ನು ಕರೆದು ಆ ಕಾಫಿ ಹೇಗೆ ಕುಡಿಯಬೇಕು ಎಂದು ವಿವರವಾಗಿ ಹೇಳಿಹೋಗುತ್ತಿದ್ದರು.

ಇದೆಲ್ಲ ಆಗಿ ಕೆಲವು ವರ್ಷಕ್ಕೆ, ಸುದ್ದಿಯಾಗಿ ಓಡಾಡುತ್ತಿದ್ದುದು ನಿಜವಾಯಿತು. ಕೆಲಸಗಾರರ ಹೆಂಡತಿ ಮಕ್ಕಳೂ ವಿಮೆಗೆ ಸೇರಿದರು. ಮೊದಲ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯ ತುಂಬ ಸೀರೆ, ಲಂಗ, ಕಂಕುಳಿನ ಕೂಸು. ಇಷ್ಟು ವರ್ಷ ಗಂಡಸರ ಬಾಯಲ್ಲಿ ಕೇಳಿದ ಕಾಯಿಲೆಗಳೆಲ್ಲ ತಮ್ಮ ತಮ್ಮ ಕಾಲ ಮೇಲೆ ನಡೆದು ಬಂದಿದ್ದವು. ನನಗೆ ಆಗ ಆದ ಸಂತೋಷಕ್ಕೆ ಎರಡು ಸೀಸೆ ಕೈಜಾರಿ ಒಡೆದವು.

ಹತ್ತು ಗಂಟೆಯ ಹೊತ್ತಿಗೆ ಬೋರಯ್ಯನ ಸರದಿ ಬಂತು. ಒಂದು ಕೈಯಲ್ಲಿ ಮಗಳು, ಪಕ್ಕದಲ್ಲಿ ಚಿಕ್ಕತಾಯಮ್ಮ. ಸ್ಟೂಲಿನ ಮೇಲೆ ಕುಳಿತವನೇ ಅಭ್ಯಾಸಬಲದಿಂದ ನೆಲ ನೋಡುತ್ತ ಶುರು ಮಾಡಿದ.

"ಎಲ್ಡು ದಿನದಿಂದ ಕೆಮ್ಮು ಸ್ವಾಮಿ ನಂಗೆ..."

"ನಿಮಗಲ್ಲ ಕಣ್ರೀ, ಮಗೀಗೆ!" ಎಂದು ಚಿಕ್ಕತಾಯಮ್ಮ ಅವನ ತೋಳು ಎಳೆದಳು. ಸಾಲೆಲ್ಲ ನಕ್ಕಿತು. ರಾಯರೂ ನಕ್ಕರು. ಅವರು ನಕ್ಕದ್ದನ್ನು ಆ ಮನೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ. ಬೋರಯ್ಯ ಎದ್ದು ನಿಂತ, ಹೆಂಡತಿ ಸ್ಟೂಲಿನ ಮೇಲೆ ಕುಳಿತಳು.

ಮಗುವಿನ ಕೆಮ್ಮಿಗೆ ಔಷಧಿ ಬರೆದಾದ ಮೇಲೆ ರಾಯರು ತಾಯಿಗೆಂದು ಇನ್ನೊಂದು ಹೊಸ ಕಾರ್ಡು ತೆಗೆದು, ಪೆನ್ನಿಗೆ ಶಾಯಿ ತುಂಬಿಸಿಕೊಂಡು, ಚಿಕ್ಕತಾಯಮ್ಮನ ಹೆಸರು ಬರೆದರು. ಹೆಣ್ಣು ಎಂದು ಬರೆದರು, ವಯಸ್ಸು ಬರೆದರು. 'ಹಿಂದಿನ ಹೆರಿಗೆಗಳ ವಿವರ' ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸುಳ್ಳಕ್ಷರ ಬರೆಯುವವರಲ್ಲವಲ್ಲ. ಸ್ವಲ್ಪ ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದು ಕಾರ್ಡನ್ನು ನನ್ನ ಕೈಗೆ ಕೊಟ್ಟರು.

'ಗಂಡನ ಕಾರ್ಡು ನೋಡಿ.'